ಪ್ರತಿಮೆಯೂ ಇತಿಹಾಸವೂ

ಪ್ರತಿಮೆಯನ್ನು ತೆಗೆದರೆ ಇತಿಹಾಸವನ್ನೇ ಅಳಿಸಿದಂತಾಗುವುದೆಂಬ ಮಾತು ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಹಲವು ವರ್ಷಗಳಿಂದ ಕೇಳಿಬರುತ್ತಿದೆ. 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದಲ್ಲಿ ಹನ್ನೊಂದು ಸಂಸ್ಥಾನಗಳು ಮೂಲ ರಾಷ್ಟ್ರದಿಂದ ಸಿಡಿದುಹೋಗಿ, ಕಾನ್ಫೆಡರಸಿ ಎಂಬ ಬೇರೊಂದು ಒಕ್ಕೂಟವನ್ನು ಕಟ್ಟಿಕೊಂಡು, ಕಡೆಗೆ ಸೋತವು. ಆ ಒಕ್ಕೂಟದ ಸೇನಾನಿಗಳ ವಿಗ್ರಹಗಳನ್ನೂ ಅದರ ಸೇನೆಯ ಬಾವುಟವನ್ನೂ ಊರ ಚೌಕಗಳಲ್ಲಿಯೂ ಸರಕಾರದ ಕಟ್ಟಡಗಳ ಮುಂದೆಯೂ ಇರಗೊಡಬೇಕೇ ಎಂಬುದು ಅಲ್ಲಿಯ ವಿವಾದ. ಮೇಲಿನ ಮಾತನ್ನು ಆಡುವವರಲ್ಲಿ ವಿದ್ಯಾವಂತರೂ ಸಜ್ಜನರೂ ಇದ್ದಾರೆ. ಆದುದರಿಂದ ಅದನ್ನು ಹಗುರವಾಗಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ, ಒಪ್ಪಿಕೊಳ್ಳಲಂತೂ ಸಾಧ್ಯವಾಗದು.

ಶಾಸನಗಳನ್ನು ಓದಿ ಬಲ್ಲವರು ಒಂದು ಕಲ್ಲನ್ನು ಕಂಡೊಡನೆ ಕೇಳುವ ಪ್ರಶ್ನೆಗಳುಂಟು: ಇದನ್ನು ಹಾಕಿಸಿದವರಾರು, ಎಂದು ಹಾಕಿಸಿದರು, ಯಾವ ಪ್ರಯೋಜನಕ್ಕಾಗಿ? ಹೊಗಳಿಸಿಕೊಂಡವನ ಕಾಲ ಒಂದು, ಹೊಗಳಿದವರ ಕಾಲ ಇನ್ನೊಂದು ಆಗಿದ್ದರೆ, ಆ ಕಲ್ಲನ್ನು ಎರಡನೆಯ ಕಾಲದ ಸಾಕ್ಷಿಯೆಂದೇ ಅವರು ಎಣಿಸುತ್ತಾರೆ. ಈ ಪ್ರಶ್ನೆಗಳನ್ನೇ ಅಮೆರಿಕದ ಪ್ರತಿಮೆಗಳಿಗೂ ಹಾಕಿ ನೋಡಬೇಕು.

ಕಾನ್ಫೆಡರಸಿಯ ರಾಜಧಾನಿಯಾಗಿದ್ದುದು ವರ್ಜೀನಿಯಾದ ರಿಚ್ಮಂಡ್ ನಗರ. ಅಲ್ಲಿ ಸೇನಾಪತಿ ರಾಬರ್ಟ್ ಲೀಯ ಅಶ್ವಾರೂಢ ಪ್ರತಿಮೆ ಅನಾವರಣವಾದದ್ದು 1890ರ ಮೇ 29ರಂದು. ಯುದ್ಧ ಮುಗಿದು 25 ವರ್ಷಗಳಾಗಿದ್ದವು. ಲೀ ತೀರಿಹೋಗಿ 20 ವರ್ಷಗಳಾಗಿದ್ದವು. ಫ್ರಾನ್ಸಿನ ಶಿಲ್ಪಿ ಮೆರ್ಸಿಯೇ ಅದನ್ನು ರೂಪಿಸಿದನು. ಹಡಗಿನಲ್ಲಿ ಬಂದಿಳಿದ ಕಂಚಿನ ಭಾಗಗಳನ್ನು ಪುರಜನರು, ನಮ್ಮಲ್ಲಿ ತೇರನ್ನು ಎಳೆಯುವಂತೆ, ಹಗ್ಗ ಹಿಡಿದು ಎಳೆದು ತಂದರು. ಪೀಠವೂ ಸೇರಿ 60 ಅಡಿಯಷ್ಟು ಎತ್ತರ. ಅನಾವರಣದ ದಿನ ಲಕ್ಷದಷ್ಟು ಜನ ನೆರೆದಿದ್ದರೆಂದು ಹೇಳುತ್ತಾರೆ.

ಆ ಸಂಭ್ರಮದಲ್ಲಿ ಸೇರದೆ ನಿಂತವನೊಬ್ಬನಿದ್ದನು. ಅವನ ಹೆಸರು ಜಾನ್ ಮಿಚೆಲ್. ತಾಯಿ ಗುಲಾಮಳಾಗಿದ್ದ ಕಾಲದಲ್ಲಿ, 1863ರಲ್ಲಿ, ಹುಟ್ಟಿದವನು; ಕಪ್ಪು ಜನಾಂಗದವರ ಪತ್ರಿಕೆಯಾದ ‘ರಿಚ್ಮಂಡ್ ಪ್ಲಾನೆಟ್’ನ ಸಂಪಾದಕ; ನಗರಸಭೆಯ ಸದಸ್ಯನೂ ಹೌದು. ಈ ಉತ್ಸವಕ್ಕೆ ಸಾರ್ವಜನಿಕ ಹಣವನ್ನು ವ್ಯಯಿಸುವುದನ್ನು ಅವನು ವಿರೋಧಿಸಿದನು. ಪ್ರತಿಮೆಯನ್ನು ನಿಲ್ಲಿಸುವ ಕೆಲಸದಲ್ಲಿ ಕಪ್ಪು ಜನರ ಕೈಯಿದೆ, ಕಾಲ ಬಂದಾಗ ಅದನ್ನು ಇಳಿಸುವುದಕ್ಕೂ ಅವರು ಅಲ್ಲಿರುವರೆಂಬ ಅರ್ಥದಲ್ಲಿ ತನ್ನ ಪತ್ರಿಕೆಯಲ್ಲಿ ಬರೆದನು. ‘ಆ ಕಾಲದಲ್ಲಿ ಎಲ್ಲರೂ ಹಾಗೆಯೇ ಯೋಚಿಸುತ್ತಿದ್ದರು, ಇಂದಿನ ಅಳತೆಗೋಲಿನಿಂದ ಅಂದಿನವರನ್ನು ಅಳೆಯಬಾರದು’ ಎನ್ನುವವರಿಗೆ ಮಿಚೆಲನನ್ನು ನೆನಪುಮಾಡಿಕೊಡಬೇಕೆನಿಸುತ್ತದೆ. ‘ಎಲ್ಲರೂ’ ಎಂಬ ಮಾತಿನಲ್ಲಿ ಅವನನ್ನು ಸೇರಿಸಿಕೊಳ್ಳದೆ ಬಿಟ್ಟವರಾರು? ಇತಿಹಾಸವನ್ನು ಅಳಿಸುವ ಕೆಲಸ ಅಲ್ಲಿಂದಲೇ ಮೊದಲಾಯಿತು.

ಯುದ್ಧದ ಕಾರಣವೂ ಹೀಗೆಯೇ ಅಳಿಸಿಹೋದುದು. ದಕ್ಷಿಣದವರು ಹೋರಾಡಿದ್ದು ಸಂಸ್ಥಾನಗಳ ಸ್ವಾತಂತ್ರ್ಯಕ್ಕಾಗಿ, ಗುಲಾಮಗಿರಿಯ ಪ್ರಶ್ನೆ ಪ್ರಾಸಂಗಿಕವೆಂದು ಎಷ್ಟೋ ಶಾಲಾಪುಸ್ತಕಗಳು ಬಹುಕಾಲ ಬೋಧಿಸಿದವು. ಸಿಡಿದುಹೋದವರೇ ಬರೆದಿಟ್ಟ ಕಾಗದಗಳು ಬೇರೆ ಮಾತನ್ನು ಹೇಳುತ್ತವೆ. 1860ರ ಡಿಸೆಂಬರಿನಲ್ಲಿ ದಕ್ಷಿಣ ಕೆರೊಲೈನಾ ಹೊರಡಿಸಿದ ಘೋಷಣೆಯ ಮುಖ್ಯ ದೂರು, ಓಡಿಹೋದ ಗುಲಾಮರನ್ನು ಉತ್ತರದ ಸಂಸ್ಥಾನಗಳು ಹಿಡಿದು ಒಪ್ಪಿಸುತ್ತಿಲ್ಲವೆಂಬುದು. ಎಂದರೆ, ಉತ್ತರದ ಸಂಸ್ಥಾನಗಳು ತಮ್ಮ ಸ್ವಾತಂತ್ರ್ಯವನ್ನು ಚಲಾಯಿಸಿದ್ದೇ ಅವರ ಕಣ್ಣಿಗೆ ಅಪರಾಧ! ಮರುವರ್ಷದ ಮಾರ್ಚಿಯಲ್ಲಿ ಕಾನ್ಫೆಡರಸಿಯ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸನು ಸವಾನ್ನಾ ನಗರದ ಭಾಷಣದಲ್ಲಿ, ಕಪ್ಪು ಮನುಷ್ಯನು ಬಿಳಿಯನಿಗೆ ಸಮನಲ್ಲವೆಂಬ ತತ್ತ್ವವೇ ಹೊಸ ಸರಕಾರದ ಅಡಿಗಲ್ಲೆಂದು ಸಾರಿದನು. ಆಗ ದೇಶದಲ್ಲಿ ಸುಮಾರು 40 ಲಕ್ಷ ಮಂದಿ ಗುಲಾಮರಾಗಿದ್ದರು. ಅಂದಿನವರು ನಾಚದೆ ಹೇಳಿದುದನ್ನು ಅವರ ಮೊಮ್ಮಕ್ಕಳು ಮುಚ್ಚಿಡಬೇಕಾಯಿತು; ಮುಚ್ಚಿಡುವುದಕ್ಕೆ ಕಂಚು ಬಹಳ ಅನುಕೂಲವಾದ ಲೋಹ. ಕುದುರೆಯ ಮೇಲೆ ಕುಳಿತ ಗಂಭೀರ ಪುರುಷನನ್ನು ಕಂಡವರಿಗೆ ಅವನ ಶೌರ್ಯ ನೆನಪಾಗುವುದೇ ಹೊರತು ಅವನು ಯಾವುದರ ರಕ್ಷಣೆಗಾಗಿ ಕತ್ತಿ ಹಿಡಿದನೆಂಬುದು ಹೊಳೆಯುವುದಿಲ್ಲ.

ಪ್ರತಿಮೆಗಳು ಒಂದರ ಹಿಂದೆ ಒಂದರಂತೆ ಎದ್ದ ಕಾಲವನ್ನು ನೋಡಿ. 1902ರ ವರ್ಜೀನಿಯಾ ಸಂವಿಧಾನವು ತೆರಿಗೆ, ಪರೀಕ್ಷೆಗಳ ನೆಪದಿಂದ ಕಪ್ಪು ಜನರ ಮತವನ್ನು ಕಿತ್ತುಕೊಂಡಿತು. 1907ರಲ್ಲಿ ರಿಚ್ಮಂಡಿನ ಅದೇ ಬೀದಿಯಲ್ಲಿ ಕಾನ್ಫೆಡರಸಿಯ ಅಧ್ಯಕ್ಷ ಜೆಫರ್ಸನ್ ಡೇವಿಸನ ಸ್ಮಾರಕ ಎದ್ದಿತು. ಬಾವುಟದ ಕಥೆಯೂ ಹೀಗೆಯೇ. ಬಿಳಿಯ ಮಕ್ಕಳಿಗೂ ಕಪ್ಪು ಮಕ್ಕಳಿಗೂ ಬೇರೆ ಬೇರೆ ಶಾಲೆ ಕೂಡದೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತದ್ದು 1954ರಲ್ಲಿ. ಜಾರ್ಜಿಯಾ ಸಂಸ್ಥಾನ ತನ್ನ ಧ್ವಜದೊಳಕ್ಕೆ ಕಾನ್ಫೆಡರೇಟ್ ಬಾವುಟವನ್ನು ತಂದದ್ದು 1956ರಲ್ಲಿ. ಇದು ಕಾಕತಾಳೀಯವೆಂದು ನಂಬುವವರ ಸರಳತೆಗೆ ನಾನು ಅಸೂಯೆಪಡುತ್ತೇನೆ.

ಸ್ವತಃ ಲೀಯೇ ಇಂಥ ಸ್ಮಾರಕಗಳನ್ನು ಬಯಸಿರಲಿಲ್ಲವೆಂಬುದು ಸ್ವಾರಸ್ಯದ ಸಂಗತಿ. ಗೆಟ್ಟಿಸ್‌ಬರ್ಗಿನ ರಣರಂಗದಲ್ಲಿ ಗುರುತಿನ ಕಲ್ಲುಗಳನ್ನು ನೆಡಲು 1869ರಲ್ಲಿ ಆಹ್ವಾನ ಬಂದಾಗ, ಯುದ್ಧದ ಹುಣ್ಣನ್ನು ಕೆದಕುತ್ತಿರುವುದಕ್ಕಿಂತ ಅದರ ಗುರುತುಗಳನ್ನು ಮರೆಯಿಸುವುದೇ ವಿವೇಕವೆಂಬ ಭಾವದ ಉತ್ತರವನ್ನು ಬರೆದು ಅವನು ಹೋಗದೆ ಉಳಿದನು. ಭಕ್ತರು ದೇವರ ಮಾತನ್ನು ಕೇಳಲಿಲ್ಲ.

ಇಷ್ಟು ಹೇಳಿದಮೇಲೆ ಒಂದು ಭೇದವನ್ನೂ ಕಾಣಿಸಬೇಕು. ಮಸಣದಲ್ಲಿ ಸತ್ತ ಮಗನಿಗೆ ತಾಯಿ ನಿಲ್ಲಿಸಿದ ಕಲ್ಲು ಬೇರೆ. ಸೋತ ಪಕ್ಷದವಳಾದರೂ ತಾಯಿ ತಾಯಿಯೇ. ಆ ಕಲ್ಲುಗಳನ್ನು ಯಾರೂ ಮುಟ್ಟಬೇಕಾಗಿಲ್ಲ. ನ್ಯಾಯಾಲಯದ ಮುಂದಿನ ಹುಲ್ಲುಹಾಸಿನಲ್ಲಿ ಕೋವಿ ಹಿಡಿದು ನಿಂತ ಕಾನ್ಫೆಡರೇಟ್ ಸಿಪಾಯಿಯ ವಿಗ್ರಹದ ಮಾತು ಹಾಗಲ್ಲ. ಗುಲಾಮರ ಮೊಮ್ಮಗನೊಬ್ಬನು ನ್ಯಾಯವನ್ನು ಬೇಡಿ ಆ ಮೆಟ್ಟಿಲುಗಳನ್ನು ಹತ್ತುವಾಗ, ಅವನ ಅಜ್ಜನನ್ನು ಗುಲಾಮನಾಗಿಯೇ ಇರಿಸಲು ಹೋರಾಡಿದವನ ಕಾಲಡಿಯಲ್ಲಿ ಹಾದುಹೋಗಬೇಕು. ಅಲ್ಲಿ ನಡೆಯುವ ವಿಚಾರಣೆಯನ್ನು ಅವನು ಹೇಗೆ ನಂಬಿಯಾನು?

2015ರ ಜೂನಿನಲ್ಲಿ ಚಾರ್ಲ್ಸ್‌ಟನ್ನಿನ ಚರ್ಚೊಂದರಲ್ಲಿ ಪ್ರಾರ್ಥನೆಗೆ ಸೇರಿದ್ದ ಒಂಬತ್ತು ಮಂದಿ ಕಪ್ಪು ಜನರನ್ನು ಕೊಂದವನು ಈ ಬಾವುಟವನ್ನು ಹಿಡಿದು ಚಿತ್ರ ತೆಗೆಸಿಕೊಂಡಿದ್ದನು. ಮುಂದಿನ ತಿಂಗಳು ದಕ್ಷಿಣ ಕೆರೊಲೈನಾದ ಶಾಸನಭವನದ ಆವರಣದಿಂದ ಬಾವುಟ ಇಳಿಯಿತು. 2017ರ ಆಗಸ್ಟಿನಲ್ಲಿ ಷಾರ್ಲಟ್ಸ್‌ವಿಲ್ ಪಟ್ಟಣದ ಲೀ ಪ್ರತಿಮೆಯನ್ನು ಉಳಿಸುವ ನೆಪದಲ್ಲಿ ಜನಾಂಗದ್ವೇಷಿಗಳು ಸೇರಿದರು. ಅವರನ್ನು ಪ್ರತಿಭಟಿಸಿದವರ ಮೇಲೆ ಒಬ್ಬನು ಮೋಟಾರು ನುಗ್ಗಿಸಿ ಒಬ್ಬಾಕೆಯನ್ನು ಕೊಂದನು. 2020ರ ಜೂನಿನಲ್ಲಿ, ಪೊಲೀಸನ ಮೊಣಕಾಲಿನಡಿಯಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತ ಬಳಿಕ, ರಿಚ್ಮಂಡಿನ ಜನ ಡೇವಿಸನ ಪ್ರತಿಮೆಯನ್ನು ಉರುಳಿಸಿದರು. ಗುಂಪಿನ ಕೈಯ ನ್ಯಾಯ ನನಗೆ ಒಪ್ಪಿಗೆಯಿಲ್ಲ. ಆದರೆ ಅಲ್ಲಿಯವರೆಗೂ ವರ್ಜೀನಿಯಾದ ಶಾಸನವು ಯುದ್ಧಸ್ಮಾರಕಗಳನ್ನು ಕದಲಿಸುವ ಅಧಿಕಾರವನ್ನು ನಗರಸಭೆಗಳಿಗೆ ಕೊಟ್ಟಿರಲಿಲ್ಲವೆಂಬುದನ್ನು ಮರೆಯಬಾರದು. ನ್ಯಾಯದ ಬಾಗಿಲಿಗೆ ಬೀಗ ಹಾಕಿದವರೂ ಹಗ್ಗ ಹಿಡಿದವರಷ್ಟೇ ಹೊಣೆಗಾರರು.

ಲೀಯ ದೊಡ್ಡ ಪ್ರತಿಮೆ ಮಾತ್ರ ಸಂಸ್ಥಾನ ಸರಕಾರಕ್ಕೆ ಸೇರಿದುದು. ಅದನ್ನು ಎಂದೆಂದಿಗೂ ಪವಿತ್ರವೆಂದು ಕಾಪಾಡುವುದಾಗಿ 1890ರಲ್ಲಿ ಸರಕಾರ ಬರೆದುಕೊಟ್ಟಿತ್ತು. ನಮ್ಮ ದಾನಶಾಸನಗಳ ಭಾಷೆಯಲ್ಲಿ ಹೇಳುವುದಾದರೆ, ಆಚಂದ್ರಾರ್ಕಸ್ಥಾಯಿ! 2021ರ ಸೆಪ್ಟೆಂಬರಿನಲ್ಲಿ ವರ್ಜೀನಿಯಾದ ಉಚ್ಚ ನ್ಯಾಯಪೀಠವು, ಸರಕಾರದ ಮಾತನ್ನು ಮುಂದಿನ ಪೀಳಿಗೆಗಳೆಲ್ಲ ಆಡುತ್ತಲೇ ಇರಬೇಕೆಂದು ಒಂದು ಪೀಳಿಗೆ ಕಟ್ಟುಮಾಡಲಾಗದೆಂದು ತೀರ್ಮಾನಿಸಿತು. ಆ ತಿಂಗಳ 8ರಂದು ಪ್ರತಿಮೆ ಇಳಿಯಿತು. ಇಳಿಸಿದ ಗುತ್ತಿಗೆದಾರನು ಕಪ್ಪು ಜನಾಂಗದವನು. ಮಿಚೆಲ್ ಬರೆದು 131 ವರ್ಷಗಳಾಗಿದ್ದವು.

ಇಳಿಸಿದ ಕಂಚನ್ನು ಏನು ಮಾಡಬೇಕು? ಷಾರ್ಲಟ್ಸ್‌ವಿಲ್‌ನವರು ತಮ್ಮ ಲೀಯನ್ನು 2023ರಲ್ಲಿ ಕುಲುಮೆಯಲ್ಲಿ ಕರಗಿಸಿದರು. ಅವರು ಪಟ್ಟ ನೋವನ್ನು ನೆನೆದರೆ ತಪ್ಪೆನ್ನಲು ನಾಲಗೆ ಏಳದು. ಆದರೂ ಪಾಠ ಹೇಳುವವರ ಸ್ವಭಾವ ಸಾಕ್ಷ್ಯವನ್ನು ಉಳಿಸಿಕೊಳ್ಳಬಯಸುತ್ತದೆ. ರಿಚ್ಮಂಡಿನ ವ್ಯಾಲಂಟೈನ್ ವಸ್ತುಸಂಗ್ರಹಾಲಯ ಮಾಡಿದ್ದು ನನಗೆ ಹೆಚ್ಚು ಹಿಡಿಸಿತು. 2022ರಲ್ಲಿ ಅದು ಡೇವಿಸನ ವಿಗ್ರಹವನ್ನು ಉರುಳಿಬಿದ್ದ ಭಂಗಿಯಲ್ಲಿಯೇ, ಬಡಿದ ಬಣ್ಣವನ್ನೂ ತಗ್ಗುಗಳನ್ನೂ ಹಾಗೆಯೇ ಉಳಿಸಿ, ಮಲಗಿಸಿ ತೋರಿಸಿತು. ಆ ವಿಗ್ರಹವನ್ನು ಕಡೆದ ಎಡ್ವರ್ಡ್ ವ್ಯಾಲಂಟೈನನ ಕಲಾಶಾಲೆ ಇರುವುದೂ ಅದೇ ಆವರಣದಲ್ಲಿ. ವಿದ್ಯಾರ್ಥಿಯೊಬ್ಬನು ಅಲ್ಲಿ 1907ನ್ನೂ 2020ನ್ನೂ ಒಂದೇ ದೇಹದ ಮೇಲೆ ಓದಬಹುದು. ಎತ್ತರದ ಪೀಠದ ಮೇಲಿದ್ದಾಗ ಅದು ಇಷ್ಟು ಇತಿಹಾಸವನ್ನು ಎಂದೂ ಹೇಳಿರಲಿಲ್ಲ.

ವಿವಾದ ಇಲ್ಲಿಗೆ ಮುಗಿದಿಲ್ಲ. 2020ರಲ್ಲಿ ವಾಷಿಂಗ್ಟನ್ನಿನಲ್ಲಿ ಉರುಳಿದ ಆಲ್ಬರ್ಟ್ ಪೈಕನ ಪ್ರತಿಮೆಯನ್ನು 2025ರ ಅಕ್ಟೋಬರಿನಲ್ಲಿ ಮತ್ತೆ ನಿಲ್ಲಿಸಿದರು. ವರ್ಜೀನಿಯಾದ ‘ಫೋರ್ಟ್ ಲೀ’ ಎಂಬ ಸೇನಾನೆಲೆಗೆ 2023ರಲ್ಲಿ ಇಬ್ಬರು ಕಪ್ಪು ಅಧಿಕಾರಿಗಳ, ಗ್ರೆಗ್ ಮತ್ತು ಆಡಮ್ಸ್ ಎಂಬವರ, ಹೆಸರನ್ನಿಟ್ಟಿದ್ದರು. 2025ರಲ್ಲಿ ಅದು ಮರಳಿ ಫೋರ್ಟ್ ಲೀ ಆಯಿತು. ಕಾನ್ಫೆಡರೇಟರ ಹೆಸರಿಡುವುದನ್ನು ಕಾನೂನು ಒಪ್ಪದು; ಆದುದರಿಂದ ಈ ಲೀ ರಾಬರ್ಟ್ ಲೀಯಲ್ಲ, 1898ರಲ್ಲಿ ಕ್ಯೂಬಾದಲ್ಲಿ ಪರಾಕ್ರಮ ತೋರಿ ಪದಕ ಪಡೆದ ಫಿಟ್ಸ್ ಲೀ ಎಂಬ ಕಪ್ಪು ಸಿಪಾಯಿ ಎಂದು ವಿವರಿಸಿದರು. ಒಂದೇ ಶಬ್ದದಲ್ಲಿ ಎರಡು ಅರ್ಥವನ್ನು ಅಡಗಿಸುವ ಶ್ಲೇಷಾಲಂಕಾರ ನಮ್ಮ ಹಳೆಯ ಕವಿಗಳಿಗೆ ಪ್ರಿಯವಾದುದು. ಸೇನಾ ಇಲಾಖೆಯೊಂದು ಅದನ್ನು ಇಷ್ಟು ಚಮತ್ಕಾರದಿಂದ ಬಳಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಫಿಟ್ಸ್ ಲೀ ಆ ಗೌರವಕ್ಕೆ ಅರ್ಹನೇ. ಆದರೆ ದ್ವಾರದ ಮುಂದೆ ಹಾದುಹೋಗುವವನಿಗೆ ಕಾಣುವುದು ಹಳೆಯ ಅಕ್ಷರಗಳೇ. ಆ ಹೆಸರಿನಲ್ಲಿ ಅವನು ಯಾವ ಲೀಯನ್ನು ಓದಿಕೊಳ್ಳಲೆಂದು ಅದನ್ನು ಮರಳಿ ತಂದರೋ, ತಂದವರೇ ಹೇಳಬೇಕು.