ಕೈಯೆಲ್ಲಾ ಹಿಟ್ಟು, ಸ್ವಲ್ಪ ನೀನೇ ಹೇಳು!

ಅಕ್ಕಿ ರೊಟ್ಟಿಗೆ ಹಿಟ್ಟು ಉಕ್ಕರಿಸಿ, ಬಿಸಿ ಆರುವ ಮೊದಲೇ ನಾದಲು ಶುರು ಮಾಡಿರ್ತೀರಿ. ಎರಡೂ ಕೈ ಮಣಿಕಟ್ಟಿನವರೆಗೆ ಹಿಟ್ಟು. ಸರಿಯಾಗಿ ಆಗಲೇ ಫೋನಿನ ಪರದೆ ಕಪ್ಪಾಗುತ್ತೆ. ಮೊಣಕೈಯಲ್ಲಿ ಒತ್ತಿದವರು, ಮೂಗಿನ ತುದಿಯಲ್ಲಿ ಒತ್ತಿದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಅಷ್ಟರಲ್ಲಿ ವಿಡಿಯೋದವರು ರೊಟ್ಟಿ ತಟ್ಟಿ, ಬೇಯಿಸಿ, ‘ಲೈಕ್ ಮಾಡಿ’ ಅನ್ನೋ ಹಂತಕ್ಕೆ ಬಂದಿರ್ತಾರೆ.

ಕೈ ಮುಟ್ಟಿಸದೆ, ಬರೀ ಮಾತಿನಲ್ಲೇ ನಡೆಯುವ ಅಡುಗೆ ಆ್ಯಪ್ ಕನ್ನಡದಲ್ಲಿ ಹೇಗಿರಬೇಕು? ಶಿವಮೊಗ್ಗದಲ್ಲೇ ಕೂತು ಬೆಂಗಳೂರಿನ ಕಂಪನಿಗಳಿಗೆ ಕೆಲಸ ಮಾಡುವ ನಾವು ಮೂವರು ಗೆಳೆಯರು ಕೆಲವು ತಿಂಗಳಿಂದ ಭಾನುವಾರಗಳನ್ನು ಇದಕ್ಕೇ ಕೊಟ್ಟಿದ್ದೇವೆ. ಈ ಸಲದ ಅಂಕಣ ಅದರ ಬಗ್ಗೆ.

ಕೇಳಿಸಿಕೊಂಡು ಅಡುಗೆ ಮಾಡೋದು ನಮ್ಮ ಊರಿಗೆ ಹೊಸದಲ್ಲ. 1965ರಲ್ಲಿ ಭದ್ರಾವತಿ ಆಕಾಶವಾಣಿ ಶುರುವಾಯಿತು. ಮಹಿಳೆಯರ ಕಾರ್ಯಕ್ರಮದಲ್ಲಿ ಹೊಸರುಚಿ ಬಂದರೆ ನಮ್ಮ ಅಮ್ಮ, ಪಕ್ಕದ ಮನೆಯ ಆಂಟಿ ಇಬ್ಬರೂ ಪೆನ್ನು ಹಿಡಿದು ಕೂರುತ್ತಿದ್ದರು. ಒಬ್ಬರು ಸಾಮಾನು ಬರೆದುಕೊಂಡರೆ ಇನ್ನೊಬ್ಬರು ವಿಧಾನ. ಯಾಕಂದ್ರೆ ರೇಡಿಯೋಗೆ ‘ಸ್ವಲ್ಪ ನಿಲ್ಲಪ್ಪ’ ಅನ್ನೋಕೆ ಆಗ್ತಿರಲಿಲ್ಲ. ಇವತ್ತು ಫೋನಿಗೆ ಅದನ್ನು ಹೇಳಬಹುದು, ಹೊಸತು ಅಂದ್ರೆ ಅಷ್ಟೇ.

ಅದಕ್ಕೆ ಬೇಕಾದ ತಂತ್ರಜ್ಞಾನವೂ ಈಗ ಕೈಗೆಟಕುವಂತಿದೆ. 2017ರ ಆಗಸ್ಟ್‌ನಲ್ಲಿ ಗೂಗಲ್‌ನ ಧ್ವನಿ ಟೈಪಿಂಗ್‌ಗೆ ಕನ್ನಡ ಸೇರಿತು. 2022ರ ಜುಲೈನಲ್ಲಿ ಕೇಂದ್ರ ಸರ್ಕಾರ ಭಾರತೀಯ ಭಾಷೆಗಳಿಗಾಗಿ ‘ಭಾಷಿಣಿ’ ಶುರು ಮಾಡಿತು. ಆದರೆ ಮಾತನ್ನು ಅಕ್ಷರ ಮಾಡೋದು ಬೇರೆ, ಒಲೆ ಮುಂದೆ ನಿಂತವರ ಜೊತೆ ಮಾತಾಡೋದು ಬೇರೆ.

ಕೋಡ್ ಬರೆಯದೇ ಪರೀಕ್ಷೆ

ಮೊದಲು ನಾವು ಆ್ಯಪ್ ಕಟ್ಟಲಿಲ್ಲ. ನಮ್ಮಲ್ಲೊಬ್ಬ ವಿನೋಬನಗರದ ಮನೆಯ ಹಾಲ್‌ನಲ್ಲಿ ಕೂತು ತಾನೇ ಆ್ಯಪ್ ಆದ. ಇನ್ನೊಬ್ಬಳು ಅಡುಗೆಮನೆಯಲ್ಲಿ ಸ್ಪೀಕರ್ ಆನ್ ಮಾಡಿಟ್ಟು, ಅವನು ಫೋನಿನಲ್ಲಿ ಹೇಳಿದಂತೆ ಹುಳಿ ಮಾಡಿದಳು. ಖರ್ಚು ಸೊನ್ನೆ, ಕಲಿತದ್ದು ಬಹಳ.

ಒಂದನೆಯದು, ಒಂದು ಸಲಕ್ಕೆ ಒಂದೇ ಕೆಲಸ. ‘ಎಣ್ಣೆ ಕಾಯಿಸಿ ಸಾಸಿವೆ, ಇಂಗು, ಕರಿಬೇವು, ಒಣಮೆಣಸು ಹಾಕಿ’ ಅಂದರೆ ಓದೋಕೆ ಒಂದು ಸಾಲು. ಕೇಳುವವರಿಗೆ ಇಂಗಿನ ಹೊತ್ತಿಗೆ ಸಾಸಿವೆ ಸೀದಿರುತ್ತೆ. ಅದಕ್ಕೇ ಒಗ್ಗರಣೆಗೆ ಬೇಕಾದ್ದೆಲ್ಲ ತಟ್ಟೆಯಲ್ಲಿದೆಯಾ ಅಂತ ಆ್ಯಪ್ ಮೊದಲೇ ಕೇಳಬೇಕು. ‘ಇದೆ’ ಅಂದಮೇಲೆ ಎಣ್ಣೆ. ಎಣ್ಣೆ ಕಾದಮೇಲೆ ಅದು ಹೆಚ್ಚು ಮಾತಾಡಬಾರದು.

ಎರಡನೆಯದು, ಅಳತೆಯನ್ನು ಆಯಾ ಹಂತದಲ್ಲೇ ಮತ್ತೆ ಹೇಳಬೇಕು. ಪಟ್ಟಿಯಲ್ಲಿ ಬೆಲ್ಲ ಎಷ್ಟು ಅಂತ ಹೇಳಿದ್ದು ಹತ್ತು ನಿಮಿಷದ ನಂತರ ಯಾರಿಗೆ ನೆನಪಿರುತ್ತೆ? ಅದೂ ಅಂಕಿಯಲ್ಲಿ ಬರೆದರೆ ಯಂತ್ರದ ಧ್ವನಿ ಏನೇನೋ ಓದುತ್ತೆ. ‘ಅರ್ಧ’, ‘ಕಾಲು’ ಅಂತ ಅಕ್ಷರದಲ್ಲೇ ಬರೆಯಬೇಕು. ‘ನಿಂಬೆ ಗಾತ್ರದ ಹುಣಸೆ’ ಅನ್ನೋದನ್ನು ಗ್ರಾಂಗೆ ಇಳಿಸುವ ಅಗತ್ಯವೇ ಇಲ್ಲ. ಕಿವಿಯಲ್ಲಿ ಕೇಳಿದ ಕೂಡಲೇ ಕೈಗೆ ಗೊತ್ತಾಗುವ ಅಳತೆ ಅದು.

ಮೂರನೆಯದು, ನಮ್ಮ ‘ಆಯ್ತು’. ಒಬ್ಬರು ‘ಆಯ್ತು’, ಒಬ್ಬರು ‘ಆತು’, ಇನ್ನೊಬ್ಬರು ‘ಹ್ಞೂಂ, ಹೇಳು’ ಅಂತಾರೆ. ಭದ್ರಾವತಿಯಲ್ಲಂತೂ ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆಗಳ ಕೆಲಸಕ್ಕೆ ಎಲ್ಲೆಲ್ಲಿಂದಲೋ ಬಂದು ನೆಲೆಸಿದವರ ಮನೆಗಳಲ್ಲಿ ಒಂದೇ ವಾಕ್ಯದಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಎಲ್ಲ ಬರುತ್ತೆ. ಪುಸ್ತಕದ ಕನ್ನಡ ಮಾತ್ರ ಅರ್ಥವಾಗುವ ಆ್ಯಪ್ ಇಲ್ಲಿ ಅರ್ಧ ದಿನವೂ ಬಾಳಲ್ಲ.

ನಾಲ್ಕನೆಯದು, ಸದ್ದು. ಮಿಕ್ಸಿ ಓಡುವಾಗ ಮನುಷ್ಯರಿಗೇ ಕೇಳಲ್ಲ, ಫೋನಿಗೆ ಹೇಗೆ ಕೇಳುತ್ತೆ? ಆಗ ಅದು ಸುಮ್ಮನಿದ್ದು, ಮಿಕ್ಸಿ ನಿಂತಮೇಲೆ ಮುಂದುವರಿಯಬೇಕು. ಇನ್ನು ನೆಟ್‌ವರ್ಕ್. ಮಲೆನಾಡಿನ ಮಳೆಗಾಲದಲ್ಲಿ ಕರೆಂಟೂ ಹೋಗುತ್ತೆ, ಟವರೂ ಹೋಗುತ್ತೆ. ‘ಮುಂದೆ’, ‘ಮತ್ತೆ ಹೇಳು’, ‘ನಿಲ್ಲು’, ‘ಎಷ್ಟಾಯ್ತು’. ಈ ನಾಲ್ಕು ಮಾತಾದರೂ ಇಂಟರ್ನೆಟ್ ಇಲ್ಲದೆ ಫೋನಿನೊಳಗೇ ಅರ್ಥವಾಗಬೇಕು. ಇದರಿಂದ ಇನ್ನೊಂದು ಲಾಭವೂ ಇದೆ. ಮನೆಯ ಗುಟ್ಟೆಲ್ಲ ಹೊರಬರುವ ಜಾಗ ಅಡುಗೆಮನೆ. ಅಲ್ಲಿನ ಮಾತು ಫೋನ್ ಬಿಟ್ಟು ಆಚೆ ಹೋಗಬಾರದು.

ಅಮ್ಮನ ತಕರಾರು

ಇಷ್ಟೆಲ್ಲ ಪಟ್ಟಿ ಮಾಡಿಕೊಂಡು ಭದ್ರಾವತಿಯ ಮನೆಗೆ ಹೋದೆ. ನನ್ನ ಅಮ್ಮನಿಗೆ ಸಕ್ಕರೆ ಕಾಯಿಲೆಯಿಂದ ಎರಡು ವರ್ಷದಿಂದ ಕಣ್ಣು ಮಂಜು. ಅಕ್ಷರ ಕಾಣಲ್ಲ, ಗಡಿಯಾರದ ಮುಳ್ಳೂ ಕಾಣಲ್ಲ. ‘ಅಡುಗೆಯವರನ್ನು ಇಟ್ಟುಬಿಡೋಣ, ಇನ್ನು ಒಲೆ ಸಹವಾಸ ಬೇಡ’ ಅಂತ ಅಕ್ಕನ ಹಟ. ‘ಒಲೆ ಬಿಡು ಅನ್ನೋದೂ ಒಂದೇ, ಮನೆ ಬಿಡು ಅನ್ನೋದೂ ಒಂದೇ ಕಣೇ’ ಅಂತ ಅಮ್ಮ.

ನಾನು ಫೋನ್ ಮುಂದಿಟ್ಟು ಸಾರಿನ ಹಂತಗಳನ್ನು ಕೇಳಿಸಿದೆ. ಅಮ್ಮ ನಕ್ಕುಬಿಟ್ಟರು. “ನಲವತ್ತು ವರ್ಷ ಸಾರು ಮಾಡಿದೀನಿ, ಇದು ನಂಗೆ ಹೇಳ್ಕೊಡುತ್ತಾ? ಕುಕ್ಕರ್ ಎಷ್ಟು ಸಲ ಕೂಗ್ತು, ಹಾಲಿಟ್ಟು ಎಷ್ಟು ಹೊತ್ತಾಯ್ತು, ಅದು ಹೇಳಲಿ ಸಾಕು. ಮತ್ತೆ ಅದಕ್ಕೆ ‘ಹಾಕಿ, ಮಾಡಿ’ ಅನ್ನೋಕೆ ಹೇಳು. ‘ಹಾಕು’ ಅನ್ನೋಕೆ ಅದೇನು ನಮ್ಮತ್ತೆನಾ?”

ಆ ಒಂದು ಮಾತಿನಿಂದ ನಮ್ಮ ಯೋಜನೆ ಎರಡಾಗಿ ಒಡೆಯಿತು. ಅಡುಗೆ ಬಾರದವರಿಗೆ ದಾರಿ ತೋರಿಸುವ ಧ್ವನಿ ಬೇಕು. ಬರುವವರಿಗೆ ಹೊತ್ತು, ಲೆಕ್ಕ ನೆನಪಿಡುವ ಧ್ವನಿ ಸಾಕು. ಉಪ್ಪಿನ ಡಬ್ಬಿಗೆ ಒಂದು ರಬ್ಬರ್ ಬ್ಯಾಂಡ್, ಸಕ್ಕರೆಗೆ ಎರಡು. ಆ ಉಪಾಯ ಅಮ್ಮ ತಾವೇ ಕಂಡುಕೊಂಡಿದ್ದಾರೆ, ಅದಕ್ಕೆ ಆ್ಯಪ್ ಬೇಕಿಲ್ಲ. ಕುಕ್ಕರಿನ ಕೂಗು ಎಣಿಸುವುದನ್ನು ಈಗ ಮೊದಲ ಕೆಲಸವಾಗಿ ತಗೊಂಡಿದ್ದೇವೆ. ಕರಿಯುವ ದಿನ ಮಾತ್ರ ಮನೆಯಲ್ಲಿ ಇನ್ನೊಬ್ಬರು ಇರಲೇಬೇಕು. ಕಾದ ಎಣ್ಣೆಗೂ ಗ್ಯಾಸ್ ವಾಸನೆಗೂ ಯಾವ ಆ್ಯಪ್ ಕೂಡ ಕಾವಲಲ್ಲ. ಈ ಷರತ್ತಿಗೆ ಅಕ್ಕನೂ ಒಪ್ಪಿದ್ದಾಳೆ, ಸದ್ಯಕ್ಕೆ ಒಲೆ ಅಮ್ಮನದೇ.

ಆ್ಯಪ್ ಬರುವವರೆಗೆ

ನೀವು ಪಿಜಿಯಲ್ಲೋ ಬಾಡಿಗೆ ಫ್ಲ್ಯಾಟಿನಲ್ಲೋ ಒಬ್ಬರೇ ಇದ್ದರೆ ಕಾಯಬೇಕಿಲ್ಲ. ಈ ವಾರ ಮನೆಗೆ ಫೋನ್ ಮಾಡಿ ಒಂದೇ ಒಂದು ಅಡುಗೆ ಕೇಳಿ. ಪತ್ರೊಡೆಯೋ ಕಡುಬೋ ಬರೀ ತಂಬುಳಿಯೋ, ಯಾವುದಾದರೂ ಸರಿ. ಪ್ರತಿ ಹಂತವನ್ನೂ ಬೇರೆ ಬೇರೆ ವಾಯ್ಸ್ ಮೆಸೇಜ್ ಆಗಿ ಕಳಿಸೋಕೆ ಹೇಳಿ. ‘ಎಷ್ಟು ಹಾಕ್ಬೇಕು’ ಅನ್ನೋದಕ್ಕಿಂತ ‘ಸಾಕು ಅಂತ ನಿಂಗೆ ಹೇಗೆ ಗೊತ್ತಾಗುತ್ತೆ’ ಅಂತ ಕೇಳಿ. ‘ಹಸಿ ವಾಸನೆ ಹೋಗೋವರೆಗೂ’, ‘ಕೈಗೆ ಅಂಟದ ಹಾಗೆ’. ಇಂಥ ಉತ್ತರ ಬರುತ್ತೆ. ಪುಸ್ತಕದಲ್ಲಿ ಸಿಗದ ಹದ ಅದರಲ್ಲಿರುತ್ತೆ. ಸಿಕ್ಕಿದ್ದನ್ನು ಸಾಲಾಗಿ ಒಂದು ಫೋಲ್ಡರ್‌ನಲ್ಲಿ ಇಟ್ಟುಕೊಳ್ಳಿ. ಮುಂದೆ ಯಾವ ಆ್ಯಪ್ ಬಂದರೂ ಅಷ್ಟು ಒಳ್ಳೆಯ ಧ್ವನಿ ಅದಕ್ಕೆ ಸಿಗಲ್ಲ.

ಹಾಗೇ ನಮಗೊಂದು ಸಹಾಯ ಮಾಡಿ. ಒಂದು ಹಂತ ಮುಗಿದಾಗ ನಿಮ್ಮ ಮನೆಯಲ್ಲಿ ಏನಂತಾರೆ? ‘ಆಯ್ತು’, ‘ಆತ್ರಿ’, ‘ಮುಗೀತು’, ಇನ್ನೇನಾದರೂ ಇದೆಯಾ? ಊರಿನ ಹೆಸರಿನ ಜೊತೆ ಬರೆದು ಕಳಿಸಿ.