ಕಷ್ಟ ಬೇರೆ, ಕಷ್ಟವಾಯಿತು ಬೇರೆ

ಪರೀಕ್ಷೆ ಮುಗಿಸಿ ಹೊರಬಂದ ಹುಡುಗರ ಬಾಯಲ್ಲಿ ಕುಂದಾಪುರದ ಕಡೆ ಕೇಳಿಬರುವ ಮಾತು: ‘ಪೇಪರ್ ಭಾರೀ ಕಷ್ಟ ಮಾರಾಯ!’ ಬ್ರಹ್ಮಾವರದ ತುಳು ಮಾತಿನಲ್ಲಾದರೆ ‘ಮಸ್ತ್ ಕಷ್ಟ’. ಇಷ್ಟು ಹೇಳಿದ ಹುಡುಗ ಎಲ್ಲ ಪ್ರಶ್ನೆಗಳಿಗೂ ಉತ್ತರ ಬರೆದಿರಬಹುದು, ಅರ್ಧ ಹಾಳೆ ಖಾಲಿ ಬಿಟ್ಟೂ ಬಂದಿರಬಹುದು. ‘ಭಾರೀ’ ಎಂಬ ಒಂದೇ ಮಾತು ಎರಡಕ್ಕೂ ಸಲ್ಲುತ್ತದೆ.

ಇಂಗ್ಲಿಷಿನಲ್ಲಿ ಹಾಗಲ್ಲ. ಅಲ್ಲಿ ಈ ಎರಡು ಸ್ಥಿತಿಗಳಿಗೆ ಎರಡು ಬೇರೆ ಪದಗಳಿವೆ: ‘ವೆರಿ’ ಮತ್ತು ‘ಟೂ’. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಅರ್ಥವೇ ಬದಲಾಗುತ್ತದೆ. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿದ ವಿದ್ಯಾರ್ಥಿನಿಯೊಬ್ಬಳು ಪಿಯುಸಿ ವಿಜ್ಞಾನ ವಿಭಾಗಕ್ಕೆ ಸೇರುವಾಗ, ‘ಫಿಸಿಕ್ಸ್ ಈಸ್ ಟೂ ಡಿಫಿಕಲ್ಟ್ ಫಾರ್ ಮಿ’ ಎಂದಳೆನ್ನೋಣ. ‘ಭೌತಶಾಸ್ತ್ರ ಬಹಳ ಕಷ್ಟ, ಹೆಚ್ಚು ಓದಬೇಕು’ ಎಂಬುದು ಅವಳ ಮನಸ್ಸಿನಲ್ಲಿರುವ ಮಾತು. ಕೇಳುವವರ ಕಿವಿಗೆ ಬೀಳುವುದು ‘ಅದು ನನ್ನ ಕೈಲಾಗದು’ ಎಂದು. ‘ಹಾಗಾದರೆ ಬೇರೆ ವಿಷಯ ತೆಗೆದುಕೊಳ್ಳಮ್ಮ’ ಎಂದು ಅವರು ಸಲಹೆ ಕೊಟ್ಟರೆ ತಪ್ಪು ಅವರದಲ್ಲ.

ಮೂಲದಲ್ಲಿರುವ ವ್ಯತ್ಯಾಸ

‘ವೆರಿ’ ಎಂಬುದು ಹಳೆಯ ಫ್ರೆಂಚ್ ಭಾಷೆಯಿಂದ ಬಂದ ಪದ. ಅದರ ಮೂಲ ಅರ್ಥ ‘ನಿಜವಾದ’ ಎಂದು. ‘ವೆರಿ ಡಿಫಿಕಲ್ಟ್’ ಎಂದರೆ ‘ನಿಜಕ್ಕೂ ಕಷ್ಟ’. ಅದು ಕಷ್ಟದ ಪ್ರಮಾಣವನ್ನು ಮಾತ್ರ ಹೇಳುತ್ತದೆ. ಕೆಲಸ ಆಯಿತೋ ಇಲ್ಲವೋ ಎಂಬ ಸುದ್ದಿಗೆ ಹೋಗುವುದಿಲ್ಲ.

‘ಟೂ’ ಎಂಬ ಪದವು ‘ಟು’ ಎಂಬ ಪದದ ಒಡಹುಟ್ಟು. ಹಿಂದೆ ಎರಡೂ ಒಂದೇ ಆಗಿದ್ದು, ಒತ್ತಿ ಹೇಳುವ ರೂಪಕ್ಕೆ 16ನೆಯ ಶತಮಾನದಲ್ಲಿ ಬೇರೆ ಕಾಗುಣಿತ ಬಂತು. ಒಂದು ಮಿತಿಯನ್ನು ದಾಟಿದ್ದನ್ನು ಅದು ಸೂಚಿಸುತ್ತದೆ. ಬರೆಯುವಾಗ ‘ಟು’ಗೆ ಒಂದು ‘ಓ’, ‘ಟೂ’ಗೆ ಎರಡು. ಹೆಚ್ಚಾಯಿತು ಎನ್ನುವ ಪದದಲ್ಲಿ ಒಂದು ‘ಓ’ ಹೆಚ್ಚು ಎಂದು ನೆನಪಿಟ್ಟುಕೊಂಡರೆ ಕಾಗುಣಿತ ತಪ್ಪುವುದಿಲ್ಲ.

ಈ ‘ಟೂ’ಗೆ ಕನ್ನಡದಲ್ಲಿ ಸಮಾನ ಪದ ಯಾವುದು? ‘ಅತಿ’ ಎಂದು ಹಲವರು ಹೇಳುತ್ತಾರೆ. ‘ಅತಿಯಾದರೆ ಅಮೃತವೂ ವಿಷ’ ಎಂಬ ಗಾದೆಯಲ್ಲಿ ಅದು ಸರಿಯೇ. ಆದರೆ ‘ಅತಿ ಎತ್ತರದ ಬೆಟ್ಟ’ ಎಂದಾಗ ಎಲ್ಲಕ್ಕಿಂತ ಎತ್ತರವಾದದ್ದು ಎಂಬ ಅರ್ಥ ಬರುತ್ತದೆ. ಹೀಗೆ ‘ಅತಿ’ಯನ್ನು ನಂಬಿದವರು ದಾರಿ ತಪ್ಪುವುದುಂಟು.

ಕನ್ನಡದಲ್ಲಿ ‘ಟೂ’ ಅಡಗಿ ಕುಳಿತಿರುವುದು ಕ್ರಿಯಾಪದದಲ್ಲಿ. ‘ಅಂಗಿ ದೊಡ್ಡದು’ ಎಂದರೆ ಅಳತೆ ಹೇಳಿದಂತಾಯಿತು. ‘ಮಗುವಿಗೆ ಅಂಗಿ ದೊಡ್ಡದಾಯಿತು’ ಎಂದರೆ ಅದು ಮಗುವಿನ ಮೈಗೆ ಹೊಂದದು ಎಂದರ್ಥ. ‘ಸಾರಿಗೆ ಉಪ್ಪು ಜಾಸ್ತಿಯಾಯಿತು’ ಎಂಬುದೂ ಹೀಗೆಯೇ. ಯಾರಿಗೆ ಅಥವಾ ಯಾವುದಕ್ಕೆ ಎಂಬ ಮಾತಿನ ಜೊತೆಗೆ ‘ಆಯಿತು’ ಸೇರಿ ಮಿತಿ ಮೀರಿದ ಅರ್ಥ ಬಂದರೆ, ಅಲ್ಲಿ ‘ಟೂ’ ಹಾಕಬಹುದು: ‘ದ ಶರ್ಟ್ ಈಸ್ ಟೂ ಬಿಗ್ ಫಾರ್ ದ ಚೈಲ್ಡ್.’

‘ಆದರೂ’ ಪರೀಕ್ಷೆ

ಯಾವುದನ್ನು ಬಳಸಬೇಕೆಂಬ ಸಂಶಯ ಬಂದಾಗ ವಾಕ್ಯದ ಕೊನೆಗೆ ‘ಆದರೂ ಮಾಡಿದೆ’ ಎಂದು ಸೇರಿಸಿ ನೋಡಬೇಕು. ಅರ್ಥ ಕೂಡಿಬಂದರೆ ‘ವೆರಿ’, ಕೂಡದಿದ್ದರೆ ‘ಟೂ’.

ಕೊಲ್ಲೂರಿನ ಬೆನ್ನಿಗೆ ನಿಂತಿರುವ ಕೊಡಚಾದ್ರಿಯ ಎತ್ತರ 1,343 ಮೀಟರ್. ‘ದ ಕ್ಲೈಂಬ್ ವಾಸ್ ವೆರಿ ಸ್ಟೀಪ್’ ಎಂದವರು ಹತ್ತಿ ತುದಿ ಮುಟ್ಟಿರಬಹುದು. ‘ದ ಕ್ಲೈಂಬ್ ವಾಸ್ ಟೂ ಸ್ಟೀಪ್ ಫಾರ್ ಗ್ರಾಂಡ್‌ಮದರ್’ ಎಂದರೆ ಆ ಏರು ಅಜ್ಜಿಯ ಕಾಲಿಗೆ ಮೀರಿದ್ದು. ಅವರು ಕೆಳಗೇ ಉಳಿದರು, ಇಲ್ಲವೇ ಜೀಪು ಹತ್ತಿದರು.

ವಾಕ್ಯ ಕಟ್ಟುವ ಬಗೆ

1. ‘ಟೂ’ ನಂತರ ಗುಣವಾಚಕ, ಅದರ ನಂತರ ‘ಟು’ ಮತ್ತು ಕ್ರಿಯಾಪದ. ಮಳೆಗಾಲದಲ್ಲಿ ಗಂಗೊಳ್ಳಿಯ ನಾಡದೋಣಿಯವರು ಕಡಲಿಗಿಳಿಯದ ದಿನ ‘ದ ಸೀ ಈಸ್ ಟೂ ರಫ್ ಟು ಫಿಶ್ ಇನ್’ ಎನ್ನಬಹುದು. ಯಾರಿಗೆ ಎಂದು ಹೇಳಬೇಕಾದರೆ ನಡುವೆ ‘ಫಾರ್’ ಬರುತ್ತದೆ: ‘ದಿಸ್ ಸಮ್ ಈಸ್ ಟೂ ಡಿಫಿಕಲ್ಟ್ ಫಾರ್ ಮಿ ಟು ಸಾಲ್ವ್.’

2. ಕೊನೆಯಲ್ಲಿ ‘ಇಟ್’ ಬೇಡ. ‘ದ ಟೀ ಈಸ್ ಟೂ ಹಾಟ್ ಟು ಡ್ರಿಂಕ್ ಇಟ್’ ಎಂಬುದು ತಪ್ಪು. ‘ಟೀ’ ಎಂಬುದು ಆರಂಭದಲ್ಲೇ ಬಂದಿರುವುದರಿಂದ ‘ಟು ಡ್ರಿಂಕ್’ ಎಂದಷ್ಟೇ ನಿಲ್ಲಿಸಬೇಕು.

3. ‘ಟೂ’ ತೆಗೆದು ಬರೆಯಿರಿ ಎಂಬ ಪ್ರಶ್ನೆ ಬಂದಾಗ ‘ಸೋ... ದಟ್’ ಬಳಸುತ್ತಾರೆ. ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣ ಪುಸ್ತಕ ತಿರುವಿದವರಿಗೆಲ್ಲ ಇದು ಪರಿಚಿತ. ಇಲ್ಲಿ ಎರಡು ಬದಲಾವಣೆ ಆಗಬೇಕು. ಅಡಗಿದ್ದ ನಿಷೇಧ ಹೊರಗೆ ಬರಬೇಕು, ಬಿಟ್ಟಿದ್ದ ‘ಇಟ್’ ಮರಳಿ ಬರಬೇಕು: ‘ದ ಟೀ ಈಸ್ ಸೋ ಹಾಟ್ ದಟ್ ಐ ಕ್ಯಾನಾಟ್ ಡ್ರಿಂಕ್ ಇಟ್.’ ಅನೇಕರು ಅಂಕ ಕಳೆದುಕೊಳ್ಳುವುದು ಈ ‘ನಾಟ್’ ಮತ್ತು ‘ಇಟ್’ಗಳಲ್ಲಿ.

4. ‘ಟೂ ಮಚ್ ಡಿಫಿಕಲ್ಟ್’, ‘ವೆರಿ ಟೂ ಡಿಫಿಕಲ್ಟ್’, ‘ವೆರಿ ಮಚ್ ಡಿಫಿಕಲ್ಟ್’ ಮೂರೂ ತಪ್ಪು. ‘ಟೂ’ಗೆ ಒತ್ತು ಕೊಡಬೇಕಾದರೆ ‘ಮಚ್’ ಅದರ ಮುಂದೆ ಬರಬೇಕು: ‘ಮಚ್ ಟೂ ಡಿಫಿಕಲ್ಟ್.’ ‘ದೂರ’ ಎಂಬ ಅರ್ಥದ ‘ಫಾರ್’ ಸೇರಿಸಿ ‘ಫಾರ್ ಟೂ ಡಿಫಿಕಲ್ಟ್’ ಎಂದರೂ ಸರಿ. ಸ್ವಲ್ಪವೇ ಮಿತಿ ಮೀರಿದ್ದರೆ ‘ಎ ಲಿಟ್ಲ್ ಟೂ ಡಿಫಿಕಲ್ಟ್’. ‘ಟೂ ಮಚ್’ಗೆ ಜಾಗವಿರುವುದು ನಾಮಪದದ ಮುಂದೆ: ‘ಟೂ ಮಚ್ ಹೋಂವರ್ಕ್’. ಎಣಿಸಬಹುದಾದದ್ದಕ್ಕೆ ‘ಟೂ ಮೆನಿ ಸಮ್ಸ್’.

5. ‘ಎ ಟೂ ಡಿಫಿಕಲ್ಟ್ ಕ್ವೆಶ್ಚನ್’ ಎಂದು ಬರೆಯುವ ರೂಢಿಯಿಲ್ಲ. ‘ಟೂ ಡಿಫಿಕಲ್ಟ್ ಎ ಕ್ವೆಶ್ಚನ್’ ಎಂಬುದು ಸರಿಯಾದ ಕ್ರಮ. ಅದು ಬಾಯಿಗೆ ಬಾರದಿದ್ದರೆ ‘ದ ಕ್ವೆಶ್ಚನ್ ಈಸ್ ಟೂ ಡಿಫಿಕಲ್ಟ್’ ಎಂದು ನೇರವಾಗಿ ಹೇಳಿದರಾಯಿತು.

ಎರಡು ಅಪವಾದಗಳು

‘ನಾಟ್ ಟೂ ಡಿಫಿಕಲ್ಟ್’ ಎಂದರೆ ಆಡುಮಾತಿನಲ್ಲಿ ‘ಅಷ್ಟೇನೂ ಕಷ್ಟವಲ್ಲ’ ಎಂದಷ್ಟೇ ಅರ್ಥ. ಇನ್ನು ಊಟ ಚೆನ್ನಾಗಿತ್ತು, ಆಟ ಚೆನ್ನಾಗಿತ್ತು ಎನ್ನಲು ‘ಟೂ ಗುಡ್’ ಎನ್ನುವುದು ನಮ್ಮ ದೇಶದಲ್ಲಿ ಬಳಕೆಗೆ ಬಂದಿದೆ. ಗೆಳೆಯರ ನಡುವೆ ಅದು ನಡೆಯುತ್ತದೆ. ಪರೀಕ್ಷೆಯಲ್ಲಿ, ಅರ್ಜಿಯಲ್ಲಿ, ಸಂದರ್ಶನದಲ್ಲಿ ‘ವೆರಿ ಗುಡ್’ ಎನ್ನುವುದೇ ಕ್ಷೇಮ.

ಅಭ್ಯಾಸ

ಇವನ್ನು ಇಂಗ್ಲಿಷಿಗೆ ತಿರುಗಿಸಿ: (ಅ) ಪ್ರಶ್ನೆ ಬಹಳ ಕಷ್ಟವಿತ್ತು, ಆದರೂ ಉತ್ತರಿಸಿದೆ. (ಆ) ಈ ಪುಸ್ತಕ ಐದನೆಯ ತರಗತಿಯವರಿಗೆ ಕಷ್ಟವಾಯಿತು. (ಇ) ಚೀಲ ಎತ್ತಲಾರದಷ್ಟು ಭಾರವಿದೆ. (ಈ) ಬೈಂದೂರಿನಿಂದ ಕುಂದಾಪುರಕ್ಕೆ ನಡೆದು ಹೋಗಲಾಗದಷ್ಟು ದೂರ.

ಉತ್ತರ: (ಅ) ದ ಕ್ವೆಶ್ಚನ್ ವಾಸ್ ವೆರಿ ಡಿಫಿಕಲ್ಟ್, ಬಟ್ ಐ ಆನ್ಸರ್ಡ್ ಇಟ್. (ಆ) ದಿಸ್ ಬುಕ್ ಈಸ್ ಟೂ ಡಿಫಿಕಲ್ಟ್ ಫಾರ್ ದ ಫಿಫ್ತ್ ಸ್ಟ್ಯಾಂಡರ್ಡ್. (ಇ) ದ ಬ್ಯಾಗ್ ಈಸ್ ಟೂ ಹೆವಿ ಟು ಲಿಫ್ಟ್. (ಈ) ಇಟ್ ಈಸ್ ಟೂ ಫಾರ್ ಟು ವಾಕ್ ಫ್ರಮ್ ಬೈಂದೂರ್ ಟು ಕುಂದಾಪುರ.

ಹೆತ್ತವರಿಗೂ ಇದರಲ್ಲೊಂದು ಪಾಠವಿದೆ. ಮಗು ‘ಟೂ ಡಿಫಿಕಲ್ಟ್’ ಎಂದು ಪುಸ್ತಕ ಮಡಚಿಟ್ಟಾಗ ಗದರಿಸುವ ಮೊದಲು ‘ಯಾವುದು ಕಷ್ಟ? ಎಲ್ಲಿಯವರೆಗೆ ಬಂತು, ಎಲ್ಲಿಂದ ಮುಂದೆ ಹೋಗಲಿಲ್ಲ?’ ಎಂದು ಕೇಳಬೇಕು. ಉತ್ತರ ‘ವೆರಿ’ ಆಗಿದ್ದರೆ ಇನ್ನೊಂದಿಷ್ಟು ಸಮಯ ಕೊಟ್ಟರೆ ಸಾಕು. ನಿಜಕ್ಕೂ ‘ಟೂ’ ಆಗಿದ್ದರೆ ಕೆಳಗಿನ ತರಗತಿಯ ಯಾವುದೋ ಒಂದು ಪಾಠ ಬಿಟ್ಟುಹೋಗಿರುತ್ತದೆ. ಅದನ್ನು ಹುಡುಕಿ ಕಲಿಸಿದರೆ ಇಂದಿನ ‘ಟೂ’ ನಾಳೆಗೆ ‘ವೆರಿ’ ಆಗುತ್ತದೆ.