ಒಲೆಯ ಉಳಿತಾಯವೂ ಹೊಲದ ಗೊಬ್ಬರವೂ

ಒಕ್ಕಲಿಗನ ಮನೆಯಲ್ಲಿ ಬೀಜದ ಖರ್ಚು, ಆಳಿನ ಕೂಲಿ, ಎತ್ತಿನ ಮೇವು ಇವೆಲ್ಲಕ್ಕೂ ಲೆಕ್ಕವುಂಟು. ಒಲೆಗೆ ಹಾಕುವ ಉರುವಲಿಗೆ ಮಾತ್ರ ಲೆಕ್ಕವಿಲ್ಲ. ಹಣ ಕೊಟ್ಟು ಕೊಂಡದ್ದಲ್ಲವೆಂಬುದೇ ಇದಕ್ಕೆ ಕಾರಣ. ಆದರೆ ಬೆರಣಿಯಾಗಿ ಉರಿದುಹೋಗುವ ಸಗಣಿಯು ಹೊಲಕ್ಕೆ ಸೇರಬೇಕಾದ ಗೊಬ್ಬರವೇ ಆಗಿದೆ. ಅದರ ಬದಲಿಗೆ ಅಂಗಡಿಯಿಂದ ಯೂರಿಯಾ ಚೀಲವನ್ನು ತರುವಾಗ ಒಲೆಯ ಖರ್ಚನ್ನೇ ಹಣವಾಗಿ ತೆತ್ತಂತಾಗುವುದು. ಆದುದರಿಂದ ಉರುವಲಿನ ಮಿತವ್ಯಯವನ್ನು ಅಡಿಗೆಮನೆಯ ಮಾತೆಂದು ತಳ್ಳಿಬಿಡತಕ್ಕದ್ದಲ್ಲ. ಅದು ಸಾಗುವಳಿಯ ವಿಷಯವೇ ಸರಿ.

ಬೂದಿಯೂ ಗೊಬ್ಬರವಲ್ಲವೇ ಎಂದು ಕೆಲವರು ಕೇಳುವರು. ಬೂದಿಯಲ್ಲಿ ಪೊಟ್ಯಾಷ್ ಮೊದಲಾದ ಖನಿಜಾಂಶಗಳು ಉಳಿಯುವುದು ನಿಜ. ಆದರೆ ಪೈರಿಗೆ ಮುಖ್ಯವಾದ ಸಾರಜನಕವೂ, ಮಣ್ಣಿನ ಹದವನ್ನು ಕಾಪಾಡಿ ತೇವವನ್ನು ಹಿಡಿದಿಡುವ ಸಾವಯವ ಅಂಶವೂ ಹೊಗೆಯೊಡನೆ ಹೊರಟುಹೋಗುವುವು.

2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಅನೇಕ ಬಡ ಕುಟುಂಬಗಳಿಗೆ ಅನಿಲದ ಸಿಲಿಂಡರು ದೊರೆತಿದೆ. ಆದರೂ ಸ್ನಾನದ ಹಂಡೆಗೂ, ಹೆಚ್ಚು ಜನರ ಅಡಿಗೆಗೂ ಸೌದೆ ಬೆರಣಿಗಳನ್ನೇ ಉರಿಸುವ ಮನೆಗಳು ಹಳ್ಳಿಗಳಲ್ಲಿ ಇನ್ನೂ ಇವೆ. ಮೂರು ಕಲ್ಲಿನ ಒಲೆಯಲ್ಲಿ ನೂರು ಪಾಲು ಶಾಖಕ್ಕೆ ಪಾತ್ರೆಯನ್ನು ಸೇರುವುದು ಹತ್ತು ಹದಿನೈದು ಪಾಲು ಮಾತ್ರ. ಮಿಕ್ಕುದು ಗಾಳಿಯ ಪಾಲು. ಹೊಗೆಯಾದರೋ ಹೆಂಗಸರ ಹಾಗೂ ಮಕ್ಕಳ ಕಣ್ಣಿಗೂ ಎದೆಗೂ ಸೇರುವುದು.

ಈ ನಷ್ಟವನ್ನು ತಗ್ಗಿಸಲು ಹೆಚ್ಚಿನ ವೆಚ್ಚವೇನೂ ಬೇಕಿಲ್ಲ. ಹಸಿಯ ಸೌದೆಯನ್ನು ಸೀಳಿ, ಮಳೆಗಾಲಕ್ಕೆ ಮುಂಚೆಯೇ ಚೆನ್ನಾಗಿ ಒಣಗಿಸಿ, ಸೂರಿನ ಕೆಳಗೆ ಒಟ್ಟಿಡಬೇಕು. ಹಸಿಯ ಸೌದೆಯ ಶಾಖವು ಮೊದಲು ಅದರ ನೀರನ್ನು ಆರಿಸುವುದರಲ್ಲಿಯೇ ವ್ಯಯವಾಗುವುದು. ಹುರುಳಿ, ಅವರೆ, ಕಡಲೆಗಳನ್ನು ರಾತ್ರಿಯೇ ನೆನೆಹಾಕಬೇಕು. ಪಾತ್ರೆಗೂ ಹಂಡೆಗೂ ಮುಚ್ಚಳವಿರಬೇಕು. ಕುದಿ ಬಂದ ಮೇಲೆ ಉರಿಯನ್ನು ತಗ್ಗಿಸಬೇಕು. ಕುದಿಯುವ ನೀರು ಹೆಚ್ಚು ಉರಿಯಿಂದ ಬೇಗ ಆವಿಯಾಗುವುದೇ ಹೊರತು ಇನ್ನಷ್ಟು ಬಿಸಿಯಾಗುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ವಿಭಾಗವು ರೂಪಿಸಿದ ಒಲೆಯಲ್ಲಿ ಒಂದೇ ಉರಿಯಿಂದ ಮೂರು ಪಾತ್ರೆಗಳು ಕಾಯುವುವು. ಹೊಗೆಯು ಕೊಳವೆಯ ಮೂಲಕ ಹೊರಕ್ಕೆ ಹೋಗುವುದು.

ನಾಲ್ಕೈದು ದನಗಳುಳ್ಳವರಿಗೆ ಗೋಬರ್ ಗ್ಯಾಸ್ ಎಲ್ಲಕ್ಕಿಂತ ಮೇಲು. ದಿನಕ್ಕೆ ಸುಮಾರು 50 ಕಿಲೋಗ್ರಾಂ ಸಗಣಿಯಿಂದ 2 ಘನಮೀಟರು ಅನಿಲ ದೊರೆತು, ಐದಾರು ಜನರ ಅಡಿಗೆಯಾಗುವುದು. ಸಗಣಿಯ ಸಾರಜನಕವು ಬಗ್ಗಡದಲ್ಲಿಯೇ ಉಳಿದು ಹೊಲವನ್ನು ಸೇರುವುದು. ಒಂದೇ ಸಗಣಿಯು ಒಲೆಗೂ ಆಯಿತು, ನೆಲಕ್ಕೂ ಆಯಿತು.

ಹೊಸ ಬೀಜವನ್ನು ಮೊದಲು ದೊಡ್ಡ ಹಿಡುವಳಿದಾರನು ಬಿತ್ತಿ ತೋರಿಸಿದರೆ ಮಿಕ್ಕವರು ಹಿಂಬಾಲಿಸುವರು. ಒಲೆಯ ವಿಷಯವೂ ಹಾಗೆಯೇ. ಊರ ಮುಖಂಡನ ಹಿತ್ತಿಲ ಗೋಡೆಯ ಮೇಲೆಯೇ ಬೆರಣಿ ಒಣಗುತ್ತಿರಲು, ಆತನು ಬಡವನಿಗೆ ಹೇಳುವ ಬುದ್ಧಿಮಾತಿಗೆ ಬೆಲೆಯಿರದು. ಮುಖಂಡರೂ ಭೂಮಾಲೀಕರೂ ಈ ಸುಧಾರಣೆಯನ್ನು ತಮ್ಮ ಮನೆಯಿಂದಲೇ ಆರಂಭಿಸುವುದು ವಿಹಿತ. ತಿಪ್ಪೆ ತುಂಬಿದ ಊರಿನಲ್ಲಿ ಕಣವೂ ತುಂಬುವುದು.